ಒರಳುಕಲ್ಲಿನ ಜೊತೆ ಒಂದು ಗಂಟೆ ಹತ್ತು ನಿಮಿಷ

ಪ್ರಳಯವೇ ಬಂದರೂ ನಮ್ಮ ಮನೆಯ ಚಟ್ನಿಗೆ ತೊಂದರೆಯಾಗಬಾರದು ಎಂಬ ಒಂದೇ ಸದುದ್ದೇಶದಿಂದ ನಾನು ಒರಳುಕಲ್ಲು ಕೊಂಡದ್ದು.

ಅದಕ್ಕೆ ಮುಂಚಿನ ಸಾಹಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ತಂದಿಟ್ಟ ಒಂದು ಮೂಟೆ ರಾಗಿಯನ್ನು ಹುಳುಗಳು ನಮಗಿಂತ ಮೊದಲು ಮುಗಿಸಿದವು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬರೀ ಗಾಳಿ ಕೆಮ್ಮತೊಡಗಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದಾಗ ಎರಡು ನೀಲಿ ಡ್ರಮ್ಮು ತಂದೆ. ಅವುಗಳಲ್ಲಿ ಸೊಳ್ಳೆಗಳ ಮೂರು ತಲೆಮಾರು ಸುಖವಾಗಿ ಬಾಳಿತು. ಟೆರೇಸಿನ ಮೆಂತ್ಯಸೊಪ್ಪಿನ ವಿಚಾರವನ್ನು ಪಾರಿವಾಳಗಳನ್ನು ಕೇಳಿ.

ಆದರೂ ಭಯ ಹೋಗಲಿಲ್ಲ. ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಹತ್ತಿ ಪಂಪು ಇಳಿದು ಬರಬೇಕು. ಗ್ಯಾಸು ಯಾವುದೋ ದೇಶದಿಂದ ಹಡಗು ಹತ್ತಿ ಬರಬೇಕು. ಕರೆಂಟು ಬಂದರೆ ಬಂತು. ಇಂಥ ಊರಿನಲ್ಲಿ ಮಿಕ್ಸಿ ನಂಬಿ ಸಂಸಾರ ಮಾಡುವುದೇ? ಈ ಭಾಷಣ ಮಾಡಿದಾಗ ನನ್ನ ಹೆಂಡತಿ, "ರೀ, ತಟ್ಟೆ ಮುಂದಕ್ಕೆ ತಳ್ಳಿ, ಸಾರು ಆರ್ತಿದೆ" ಎಂದಳು. ಮನೆಯಲ್ಲಿ ಸಲ್ಲದ ಭಾಷಣವನ್ನು ಅಪಾರ್ಟ್‌ಮೆಂಟಿನ ಸಭೆಯಲ್ಲಿ ಮಾಡಿದೆ. ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ಮುಟ್ಟಿಸುವ ಬ್ಯಾಟರಿ ಸತ್ತಿದೆ, ಮನೆಗಿಷ್ಟು ಅಂತ ಹಾಕೋಣ ಎಂದರು ಸೆಕ್ರೆಟರಿ. ಅವರು ನಿವೃತ್ತ ಇತಿಹಾಸ ಮೇಷ್ಟ್ರು. ನಾನು ಎದ್ದು ನಿಂತು, ಅಗತ್ಯಗಳಿಗೆ ನೆರೆಯವರ ಮೇಲೂ ಅವಲಂಬಿಸದ ಊರೇ ಗ್ರಾಮ ಸ್ವರಾಜ್ಯ ಎಂದು ಗಾಂಧೀಜಿ 1942ರಲ್ಲೇ ಬರೆದಿದ್ದಾರೆ, ನಾವು ಒಂದು ಬ್ಯಾಟರಿಗೆ ಅಂಗಲಾಚುವುದೇ ಎಂದೆ. ದುಡ್ಡು ಉಳಿಯುವ ಮಾತಾದ್ದರಿಂದ ಚಪ್ಪಾಳೆ ಬಿತ್ತು.

ಮುಂದಿನ ಭಾನುವಾರ ಮಾಗಡಿ ರಸ್ತೆಯ ಪಕ್ಕದ ಕಲ್ಲುಕುಟಿಗನಿಂದ ಒರಳನ್ನೂ ಗುಂಡನ್ನೂ ಕೊಂಡು, ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಬಂದೆ. ಆಟೋದವನೂ ವಾಚ್‌ಮನ್ನೂ ಗೋಣಿಚೀಲದ ಮೇಲೆ ಅದನ್ನು ಎಳೆದು ಲಿಫ್ಟಿಗೆ ಸೇರಿಸಿದರು. "6 ಜನ, 408 ಕೆ.ಜಿ." ಎಂಬ ಫಲಕ ಓದಿ, ಕಲ್ಲನ್ನು ಇಬ್ಬರೆಂದು ಲೆಕ್ಕ ಹಾಕಿ, ಧೈರ್ಯವಾಗಿ ಗುಂಡಿ ಒತ್ತಿದೆ. ಎರಡು ದಾಟಿ ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಕರೆಂಟು ಹೋಯಿತು.

ನಮ್ಮದು ಹಳೇ ಕಾಲದ ಜಾಲರಿ ಬಾಗಿಲಿನ ಲಿಫ್ಟು. ಮೂರನೇ ಮಹಡಿಯ ನೆಲ ನನ್ನ ಎದೆಮಟ್ಟಕ್ಕೆ ನಿಂತಿತ್ತು. ಕಂಬಿಗಳ ಸಂದಿಯಲ್ಲಿ ಕಾಣುತ್ತಿದ್ದುದು ಪಾದಗಳು ಮಾತ್ರ. ಮೊದಲು ಬಂದದ್ದು ಬಿರುಕುಬಿಟ್ಟ ಹಿಮ್ಮಡಿ, ಸವೆದ ಕಾಲುಂಗುರ; ಎದುರುಮನೆ ಅಜ್ಜಿ.

"ಒಳಗೆ ಯಾರಪ್ಪಾ?"

"ನಾನು ಅಜ್ಜಿ. ಮತ್ತೆ ಒರಳುಕಲ್ಲು."

ಸ್ವಲ್ಪ ಹೊತ್ತು ಪಾದಗಳು ಅಲ್ಲಾಡಲಿಲ್ಲ. "ಮುಳ್ಳು ಚೆನ್ನಾಗಿ ಹೊಡೆದಿದ್ದಾನಾ? ಕೈಯಾಡಿಸಿ ನೋಡು. ನುಣ್ಣಗಿದ್ರೆ ಅಕ್ಕಿ ಜಾರತ್ತೆ." ಕತ್ತಲಲ್ಲಿ ಒರಳಿನೊಳಗೆ ಕೈಯಾಡಿಸಿದೆ, ತರಚಿತು. ಚೆನ್ನಾಗಿದೆ ಎಂದೆ. "ಮೊದಲು ತೌಡು ಹಾಕಿ ನಾಲ್ಕು ಸಲ ರುಬ್ಬಿ ಚೆಲ್ಲು. ಇಲ್ಲಾಂದ್ರೆ ಮರಳು ತಿಂತೀಯ." ಸರಿ ಎಂದೆ. ಲಿಫ್ಟಿನಿಂದ ನನ್ನನ್ನು ಹೊರಗೆ ತೆಗೆಯುವ ವಿಷಯ ಯಾರ ಬಾಯಲ್ಲೂ ಬರಲಿಲ್ಲ.

ಪಾದಗಳು ಹೆಚ್ಚಿದವು. ಹವಾಯಿ ಚಪ್ಪಲಿಗಳು, ಒಂದು ಜೊತೆ ಕ್ರಿಕೆಟ್ ಬೂಟು, ನನ್ನ ಹೆಂಡತಿಯ ನೀಲಿ ಸ್ಲಿಪ್ಪರು. ಸ್ಲಿಪ್ಪರು ಮಾತಾಡಲಿಲ್ಲ, ಅದರ ಹೆಬ್ಬೆರಳು ಮಾತ್ರ ಲಯಬದ್ಧವಾಗಿ ನೆಲ ತಟ್ಟುತ್ತಿತ್ತು. ಮಕ್ಕಳು ಮಂಡಿಯೂರಿ ನನ್ನನ್ನು ಮೃಗಾಲಯದಲ್ಲಿ ನೋಡುವಂತೆ ನೋಡಿ, ಒಬ್ಬ ಬಿಸ್ಕತ್ತು ಎಸೆದ. ಅಜ್ಜಿ ಕಂಬಿಯ ಸಂದಿಯಿಂದ ಮಜ್ಜಿಗೆ ಲೋಟ ಇಳಿಸಿದರು, ಕರಿಬೇವು ಹಾಕಿತ್ತು. ಅರ್ಧ ಗಂಟೆ ನಿಂತು ಕಾಲು ಸೋತಿತು. ಕೂರಲು ಇದ್ದದ್ದು ಒಂದೇ ಜಾಗ. ಒರಳಿನ ಮೇಲೆ, ಹೊಸಿಲ ಮೇಲೆ ಕೂತರೆ ನಮ್ಮಜ್ಜಿ ಬೆನ್ನಿಗೆ ಗುದ್ದುತ್ತಿದ್ದರು. ಅವರು ಹೋಗಿ ನಲವತ್ತು ವರ್ಷವಾಗಿದೆ, ಲಿಫ್ಟಿನೊಳಗೆ ಕಗ್ಗತ್ತಲು. ಆದರೂ ಎರಡೂ ಕಡೆ ನೋಡಿ, ಅರ್ಧ ಕುಂಡೆ ಮಾತ್ರ ಊರಿದೆ.

ಅಷ್ಟರಲ್ಲಿ ಪಾಲಿಶ್ ಮಾಡಿದ ಕಪ್ಪು ಚಪ್ಪಲಿ ಬಂದು ನಿಂತಿತು. ಮೇಷ್ಟ್ರು. "ಮೆಕ್ಯಾನಿಕ್ ನಾಯಂಡಹಳ್ಳಿ ಹತ್ರ ಟ್ರಾಫಿಕ್ಕಲ್ಲಿದ್ದಾನೆ ಸಾರ್" ಎಂದು ಶುರುಮಾಡಿ, ತರಗತಿಯ ದನಿಗೆ ಹೊರಳಿದರು. "ಅವತ್ತು ಸಭೇಲಿ ನೀವು ಹೇಳಿದ ಗಾಂಧೀಜಿ ಮಾತು ಅರ್ಧ ಸಾರ್. ಅದೇ ವಾಕ್ಯದ ಉಳಿದರ್ಧದಲ್ಲಿ, ಬೇರೆ ಬೇಕಾದಷ್ಟು ವಿಷಯಕ್ಕೆ ಒಬ್ಬರಿಗೊಬ್ಬರು ಆಗಲೇಬೇಕು ಅಂತಲೂ ಇದೆ." ಸಿಕ್ಕಿಬಿದ್ದ ಮನುಷ್ಯನಿಗೆ ಪಾಠ ಹೇಳುವುದು ಯಾವ ಸಂಸ್ಕಾರ? ಮೈಯೆಲ್ಲ ಉರಿಯಿತು. ಆದರೆ ಖಾಲಿ ಲೋಟ ಮೇಲಕ್ಕೆ ಕೊಡಬೇಕಿತ್ತು. ಅವರ ಕೈಗೇ ಕೊಟ್ಟೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ಮೆಕ್ಯಾನಿಕ್ ಬಂದ. ಟೆರೇಸಿನ ಕೋಣೆಯಲ್ಲಿ ಬ್ರೇಕು ಸಡಿಲಿಸಿ, ಕೈಯಿಂದಲೇ ಚಕ್ರ ತಿರುಗಿಸಿ, ನನ್ನನ್ನು ಗೇಣುಗೇಣಾಗಿ ಮೇಲೆತ್ತಿದ. ಪಾದಗಳಿಗೆ ಮೊಣಕಾಲು ಬಂತು, ಸೊಂಟ ಬಂತು, ಕೊನೆಗೆ ಮುಖಗಳು ಬಂದವು. ಎಲ್ಲ ಮುಖಗಳೂ ನಗುತ್ತಿದ್ದವು, ಒಂದರ ಹೊರತು.

ತೌಡಿನ ಶಾಸ್ತ್ರವೆಲ್ಲ ಮುಗಿದ ಮೇಲೆ ಒಂದು ದಿನ ಅರ್ಧ ಸೇರು ಅಕ್ಕಿ, ಉದ್ದು ನೆನೆಹಾಕಿ ರುಬ್ಬಲು ಕೂತೆ. "ಆ ಕೊಯಮತ್ತೂರು ಗ್ರೈಂಡರಲ್ಲೂ ಒಳಗಿರೋದು ಕಲ್ಲೇ" ಎಂದು ಹೆಂಡತಿ ಒಳಗಿಂದ ಹೇಳಿದ್ದು ಕೇಳಿಸಿತು, ಕೇಳಿಸದಂತಿದ್ದೆ. ಬಲಗೈ ಗುಂಡು ತಿರುಗಿಸಬೇಕು, ಎಡಗೈ ಹಿಟ್ಟು ತಳ್ಳಬೇಕು, ಎರಡೂ ಡಿಕ್ಕಿ ಹೊಡೆಯಬಾರದು. ಹತ್ತನೇ ನಿಮಿಷಕ್ಕೆ ಭುಜದಲ್ಲಿ ಏನೋ ಚಳಕ್ ಎಂದಿತು. ಆಗ ಅಮ್ಮ ನೆನಪಾದಳು. ಹಾಸನದ ಕಡೆಯ ನಮ್ಮ ಮನೆಯಲ್ಲಿ ದಿನಾ ಹನ್ನೊಂದು ಜನರ ಊಟ. ಅಮ್ಮ ತಲೆ ಬಾಚಿಕೊಳ್ಳುವಾಗ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಎಡಗೈಯಲ್ಲಿ ಹೆಣೆಯುತ್ತಿದ್ದಳು. ಅದು ಅವಳ ಹೆಣಿಗೆಯ ಶೈಲಿ ಎಂದೇ ನಾನು ತಿಳಿದಿದ್ದೆ. ಮಿಕ್ಸಿ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಗುಂಡನ್ನು ಹಿತ್ತಲ ಬಾಗಿಲಿಗೆ ಆಸರೆ ಕೊಟ್ಟು, ಆಮೇಲೆ ಅದರ ಕಡೆ ತಿರುಗಿ ನೋಡಲಿಲ್ಲ. ಹಿಂದಿನವರು ಎಷ್ಟು ಸ್ವಾವಲಂಬಿಗಳು ಎಂದು ನಾನು ಊರೆಲ್ಲ ಸಾರಿಕೊಂಡು ತಿರುಗಿದೆನಲ್ಲ, ಆ ಸ್ವಾವಲಂಬನೆ ಒಂದೇ ಒಂದು ಭುಜದ ಮೇಲೆ ನಿಂತಿತ್ತು. ಆ ದಿನ ಹಿಟ್ಟು ನುಣ್ಣಗಾಗಲಿಲ್ಲ. ಲಿಫ್ಟಿನ ಬ್ಯಾಟರಿಗೆ ನನ್ನ ಪಾಲು ಮಾತ್ರ ಸಂಜೆಯೇ ಮೇಷ್ಟ್ರ ಕೈ ಸೇರಿತು.

ಜೂನ್‌ನ ಮೊದಲ ಗಾಳಿಮಳೆಗೆ ಬೀದಿಯ ಮರ ತಂತಿಯ ಮೇಲೆ ಬಿದ್ದು ರಾತ್ರಿಯಿಡೀ ಕರೆಂಟಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಹೊಸಿಲಾಚೆ ಪಾತ್ರೆಗಳ ಸಾಲು. ನೆನೆದ ಉದ್ದು, ನೆನೆದ ಅಕ್ಕಿ, ಮೇಷ್ಟ್ರ ಮನೆಯ ತೆಂಗಿನಕಾಯಿ ತುರಿ. ಸೊಂಟಕ್ಕೆ ಟವೆಲ್ ಬಿಗಿದು ಕೂತೆ. ಹೆಂಡತಿ ಎದುರು ಕೂತು, ಗುಂಡಿಗೆ ತಾನೂ ಒಂದು ಕೈ ಹಾಕಿದಳು. ಮೊದಲ ಪಾತ್ರೆ ಮುಗಿದು ಎರಡನೆಯದು ಅರ್ಧಕ್ಕೆ ಬಂದಾಗ ಫ್ಯಾನು ತಿರುಗಿತು. ಹತ್ತು ನಿಮಿಷದೊಳಗೆ ಒಬ್ಬೊಬ್ಬರಾಗಿ ಬಂದು, "ಸುಮ್ನೆ ನಿಮಗೆ ತೊಂದರೆ ಸಾರ್" ಎನ್ನುತ್ತ ಪಾತ್ರೆಗಳನ್ನು ಎತ್ತಿಕೊಂಡು ಹೋದರು. ಎಲ್ಲ ಮನೆಗಳಲ್ಲೂ ಮಿಕ್ಸಿಗಳು ಒಟ್ಟಿಗೆ ಕೂಗಿದವು.

ಒರಳಿನಲ್ಲಿ ಅರ್ಧ ರುಬ್ಬಿದ್ದು ಎದುರುಮನೆ ಅಜ್ಜಿಯದು. ಅವರು ಬಂದು ಇಣುಕಿ ನೋಡಿ, ಬೆರಳಲ್ಲಿ ಒಂದು ಚಿಟಿಕೆ ಹಿಟ್ಟು ತೆಗೆದು ತಿಕ್ಕಿ, "ಇನ್ನೂ ತರಿ ಇದೆ, ನಡೀಲಿ" ಎಂದು ಅಲ್ಲೇ ಮಣೆ ಹಾಕಿಕೊಂಡು ಕೂತರು.