ಶಿಕಾರಿಪುರ–ಸೊರಬ ಸೀಮೆಯ ಕಲಿಕಾ-ಸ್ಮೃತಿ-ಸಂವೇಗ-ಅಭಿಪ್ರೇರಣಾ ಮೀಮಾಂಸೆ (ಪ್ರಥಮ ಸಂಪುಟ, ಪ್ರಾಯಶಃ ಅಂತಿಮವೂ ಹೌದು)

1. ಸಮಸ್ಯಾ ನಿರೂಪಣೆ

ಕುಮುದ್ವತಿ, ದಂಡಾವತಿ, ವರದಾ ನದಿಗಳ ಆಸುಪಾಸಿನಲ್ಲಿ ವಾಸಿಸುವ ದ್ವಿಪಾದಿ ಜೀವಿಯು ಉದ್ದೀಪನೆಗೆ ಪ್ರತಿಕ್ರಿಯೆ ತೋರುತ್ತದೆಯೇ, ತೋರಿದರೆ ಯಾವ ಉಪನಿಯಮದಡಿ, ಹಾಗೂ ತೋರುವ ಮುನ್ನ ಮೇಲಧಿಕಾರಿಗಳ ಪೂರ್ವಾನುಮತಿ ಪಡೆದಿದೆಯೇ ಎಂಬುದು ಪ್ರಸ್ತುತ ಪ್ರಬಂಧದ ಜಿಜ್ಞಾಸೆ. ಸಂಶೋಧನಾ ವಿಧಾನ: ತರಬೇತಿ ಸಭಾಂಗಣದ ಕೊನೆಯ ಬೆಂಚಿನಲ್ಲಿ ಕೂತು ಸಹಿಸಿಕೊಳ್ಳುವುದು. ಉಪಕರಣಗಳು: ಪೆನ್ನು, ಪ್ಲಾಸ್ಟಿಕ್ ಫೈಲು, ಬಿಸ್ಕತ್ತು. ಪ್ರತಿದರ್ಶ: ಪಕ್ಕದಲ್ಲಿ ತೂಕಡಿಸುತ್ತಿದ್ದ ಮೇಷ್ಟ್ರು.

ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲಿದ್ದುದನ್ನು ಪರದೆಯ ಕಡೆಗೇ ತಿರುಗಿ ಓದಿದರು: ಕಲಿಕೆ ಎಂದರೆ ಅನುಭವದ ಫಲವಾಗಿ ವರ್ತನೆಯಲ್ಲಿ ಉಂಟಾಗುವ ಸಾಪೇಕ್ಷವಾಗಿ ಶಾಶ್ವತವಾದ ಬದಲಾವಣೆ. ಈ ವ್ಯಾಖ್ಯೆಯನ್ನು ನಾವು ಡಿ.ಎಡ್.ನಲ್ಲಿ ಬರೆದೆವು, ಬಿ.ಎಡ್.ನಲ್ಲಿ ಬರೆದೆವು, ಟಿ.ಇ.ಟಿ.ಗೆ ಉರು ಹೊಡೆದೆವು. ನಮ್ಮ ವರ್ತನೆಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಆದ್ದರಿಂದ ಸದರಿ ವ್ಯಾಖ್ಯೆಯ ಪ್ರಕಾರವೇ ನಾವು ಸದರಿ ವ್ಯಾಖ್ಯೆಯನ್ನು ಕಲಿತಿಲ್ಲ. ಇದು ಪ್ರಬಂಧದ ಮೊದಲನೆಯ ಫಲಿತಾಂಶ.

2. ಕಲಿಕೆ

2.1. ಪ್ರಾಣಿಸಂಗ್ರಹಾಲಯ ಪ್ರಕರಣ. ಮನುಷ್ಯನ ಮಗು ಹೇಗೆ ಕಲಿಯುತ್ತದೆಂದು ತಿಳಿಯಲು ಮೊದಲು ಪಾವ್ಲೋವನ ನಾಯಿಯನ್ನು ನೋಡಬೇಕು, ನಂತರ ಥಾರ್ನ್‌ಡೈಕನ ಬೆಕ್ಕು, ಸ್ಕಿನ್ನರನ ಇಲಿ ಮತ್ತು ಪಾರಿವಾಳ, ಕೊಹ್ಲರನ ಚಿಂಪಾಂಜಿ. ಇವೆಲ್ಲ ಮುಗಿದು ಮಗುವಿನ ಸರದಿ ಬರುವಷ್ಟರಲ್ಲಿ ಟೀ ಬರುತ್ತದೆ. ಪಾವ್ಲೋವನಿಗೆ 1904ರಲ್ಲಿ ನೊಬೆಲ್ ಸಿಕ್ಕಿದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಗೈಡುಗಳಲ್ಲಿ ಮಾತ್ರ ಅದನ್ನು ಗಂಟೆ ಬಾರಿಸಿದ್ದಕ್ಕೆ ಕೊಟ್ಟಿದ್ದಾರೆ.

2.1.1. ಶಾಸ್ತ್ರೀಯ ಅನುಬಂಧನದ ಸ್ಥಳೀಯ ಪರಿಶೀಲನೆ. ಬಿಸಿಯೂಟದ ಗಂಟೆಯು ಅನುಬಂಧಿತ ಉದ್ದೀಪನೆ, ಸಾಂಬಾರು ಅನನುಬಂಧಿತ ಉದ್ದೀಪನೆ, ಜೊಲ್ಲು ಪ್ರತಿಕ್ರಿಯೆ ಎಂದು ಭಾವಿಸಲಾಗಿ, ಗಂಟೆಗೆ ಮೊದಲೇ ಒಗ್ಗರಣೆಯ ವಾಸನೆ ಒಂದನೇ ತರಗತಿಯ ಕಿಟಕಿ ದಾಟಿ ಪ್ರಯೋಗವನ್ನು ಕೆಡಿಸುವುದು ಕಂಡುಬಂದಿತು. ಅಡುಗೆಯ ಅಕ್ಕಂದಿರಿಗೆ ಚರಾಂಶ ನಿಯಂತ್ರಣದ ಬಗ್ಗೆ ತರಬೇತಿ ನೀಡಲು ಶಿಫಾರಸು ಮಾಡಲಾಗಿದೆ.

2.2. ಪ್ರಯತ್ನ–ಪ್ರಮಾದ ಸಿದ್ಧಾಂತ. ಬೆಕ್ಕು ಪಂಜರದಲ್ಲಿ ತಪ್ಪು ಮಾಡುತ್ತ ಮಾಡುತ್ತ ಅಗುಳಿ ತೆಗೆಯಲು ಕಲಿಯಿತು, ಕಲಿಕೆಯೆಂದರೆ ಇದೇ. ಸೊರಬದ ಗುಡಿಗಾರರ ಮನೆಯಲ್ಲಿ ಈ ಸಿದ್ಧಾಂತ ಹೊಸ್ತಿಲು ದಾಟುವುದಿಲ್ಲ. ಶ್ರೀಗಂಧದ ತುಂಡಿನ ಮೇಲೆ ಉಳಿ ಜಾರಿದರೆ ಅದನ್ನು ಮತ್ತೆ ಅಂಟಿಸಲಾಗದು, ಎರಡನೆಯ ತುಂಡು ಸುಲಭಕ್ಕೆ ಸಿಗದು. ಅಲ್ಲಿ ಮಗು ವರ್ಷಗಟ್ಟಲೆ ಅಪ್ಪನ ಕೈಯನ್ನೇ ನೋಡುತ್ತ ಕೂರುತ್ತದೆ, ಬೆಂಡಿನ ಬಾಸಿಂಗಕ್ಕೆ ಕೈ ಹಚ್ಚುತ್ತದೆ, ಮರದ ನಾರು ಯಾವ ಕಡೆ ಓಡುತ್ತದೆಂದು ಬೆರಳಿನಲ್ಲಿ ತಿಳಿಯುತ್ತದೆ. ನೋಡಿ ಕಲಿಯುವುದಕ್ಕೂ ಪುಸ್ತಕದಲ್ಲಿ ಜಾಗವಿದೆ: ಬಂಡೂರ 1961ರಲ್ಲಿ ದೊಡ್ಡವರು ಗೊಂಬೆಗೆ ಗುದ್ದುವುದನ್ನು ಮಕ್ಕಳಿಗೆ ತೋರಿಸಿದ, ಮಕ್ಕಳೂ ಗುದ್ದಿದರು. ಗೊಂಬೆಯನ್ನು ಗುದ್ದುವುದು ಪಠ್ಯಕ್ರಮಕ್ಕೆ ಸೇರಿತು. ಕೆತ್ತುವುದು ಸೇರಲಿಲ್ಲ.

3. ಸ್ಮೃತಿ ಮತ್ತು ವಿಸ್ಮೃತಿ

ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ತಾನೇ ಮರೆತು, ಮರೆತ ಲೆಕ್ಕವನ್ನು 1885ರಲ್ಲಿ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗಳಿಗಾಗಿ ಟಿ.ಇ.ಟಿ. ಅಭ್ಯರ್ಥಿಗಳು ಅಷ್ಟು ದೂರ ಹೋಗಬೇಕಿಲ್ಲ, ಅವನ ಹೆಸರೇ ಸಾಕು. ಪರೀಕ್ಷೆಯ ದಿನ ಮಧ್ಯಾಹ್ನದವರೆಗೆ ನೆನಪಿರುತ್ತದೆ. ವಿಸ್ಮೃತಿಯು ಹದಿನೆಂಟು ವಿಧ:

(ಅ) ಕಚೇರಿ ವಿಸ್ಮೃತಿ: ಕೊಟ್ಟ ಮಾಹಿತಿಯನ್ನೇ ಅದೇ ಕಚೇರಿಯವರು ಹೊಸ ನಮೂನೆಯಲ್ಲಿ ಮತ್ತೆ ಕೇಳುವುದು.

(ಆ) ತುರ್ತು ವಿಸ್ಮೃತಿ: 'ಇಂದೇ ಸಂಜೆಯೊಳಗೆ' ಎಂದು ತರಿಸಿಕೊಂಡದ್ದನ್ನು ಯಾರೂ ತೆರೆದು ನೋಡದಿರುವುದು.

(ಇ) ಚುನಾವಣೋತ್ತರ ವಿಸ್ಮೃತಿ: ಎರಡೂ ತಾಲ್ಲೂಕುಗಳು ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನು ಕೊಟ್ಟಿರುವುದರಿಂದ ಇದನ್ನು ವಿವರಿಸದಿರುವುದೇ ಲೇಖಕನ ಆರೋಗ್ಯಕ್ಕೆ ಕ್ಷೇಮ.

(ಈ) ಉಳಿದ ಹದಿನೈದು. ಬೇಜಾರಾಯಿತು, ಬಿಟ್ಟಿದ್ದೇನೆ.

4. ಸಂವೇಗ

ಇಲ್ಲಿ ಶಾಸ್ತ್ರ ಕೊಂಚ ಬಿಗಿಯಾಗುತ್ತದೆ. ಜೇಮ್ಸ್–ಲಾಂಗೆ ಸಿದ್ಧಾಂತದ ಪ್ರಕಾರ ಕೋಪ ಬಂದದ್ದರಿಂದ ನಾವು ಹೊಡೆಯುವುದಲ್ಲ, ಹೊಡೆಯುವುದರಿಂದ ಕೋಪ ಬರುತ್ತದೆ. ಕ್ಯಾನನ್–ಬಾರ್ಡ್ ಪ್ರಕಾರ ಎರಡೂ ಒಟ್ಟಿಗೆ. ಉದಾಹರಣೆ ಕೊಡಿ, ಐದು ಅಂಕ. ಗೈಡಿನಲ್ಲಿ ಕೊಟ್ಟಿರುವ ಉದಾಹರಣೆ ಕರಡಿ. ಕಾಡಿನಲ್ಲಿ ಕರಡಿ ಎದುರಾಯಿತು, ಓಡಿದೆವು, ಹೆದರಿದೆವು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಎದುರಿನ ಕಲ್ಲುಕಂಬದ ಮೇಲೆ, ಕರಡಿಗಿಂತ ಒಳ್ಳೆಯ ಉದಾಹರಣೆ 5ನೇ ಶತಮಾನದಿಂದ ನಿಂತಿದೆ. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದ ಆ ಶಾಸನದ ಕಥೆ ಹೀಗೆ. ಮಯೂರಶರ್ಮನೆಂಬ ಇಲ್ಲಿಯ ಹುಡುಗ ಗುರು ವೀರಶರ್ಮನ ಜೊತೆ ವೇದ ಪೂರ್ತಿ ಕಲಿಯಲೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರರ ಸಂಗಡ ಜಗಳವಾಯಿತು, ಅವಮಾನವಾಯಿತು. ದರ್ಭೆ, ಸಮಿತ್ತು ಹಿಡಿದು ಪಳಗಿದ ಕೈ ಕತ್ತಿ ಹಿಡಿಯಿತು. ಶ್ರೀಪರ್ವತದ ಕಾಡು ಹೊಕ್ಕು, ಬಾಣ ಅರಸರಿಂದ ಕಪ್ಪ ಕಿತ್ತ; ಕೊನೆಗೆ ಪಲ್ಲವರೇ ರಾಜಿಗೆ ಬಂದು ಪಡುವಣ ಕಡಲಿನವರೆಗೆ ನೆಲ ಬಿಟ್ಟುಕೊಟ್ಟರು. ಕದಂಬರ ರಾಜ್ಯ ಹುಟ್ಟಿದ್ದು ಹೀಗೆ.

ಇಂದಿನ ನಮೂನೆಯಲ್ಲಿ ಇದನ್ನು ಭರ್ತಿ ಮಾಡುವುದಾದರೆ: ಹೆಸರು, ಮಯೂರಶರ್ಮ. ಸ್ಥಿತಿ, ಶಾಲೆಯಿಂದ ಹೊರಗುಳಿದ ಮಗು. ಕಾರಣ, ಅಭಿಪ್ರೇರಣೆಯ ಕೊರತೆ. ಕೈಗೊಂಡ ಕ್ರಮ, ಪೋಷಕರ ಮನವೊಲಿಸಲಾಗಿದೆ.

"ಸಾರ್, ತಾಳಗುಂದ ಇಲ್ಲೇ ಅಲ್ವಾ, ಎಲ್ಲರೂ ಒಂದು ಸಲ ಹೋಗಿ ಬರಬಹುದಲ್ಲ?" ಎಂದು ಕೇಳಿದೆ. "ಅದು ಸಮಾಜ ವಿಜ್ಞಾನದವರ ತರಬೇತಿ ಮೇಷ್ಟ್ರೇ. ನಮ್ಮ ಮಾಡ್ಯೂಲಲ್ಲಿ ಬರಲ್ಲ" ಎಂದರು. ಮುಂದಿನ ಸ್ಲೈಡಿನಲ್ಲಿ ಕರಡಿ ಬಂತು.

4.1. ಅಂತರ್‌ದೃಷ್ಟಿ (ಇದು 2ನೇ ಅಧ್ಯಾಯಕ್ಕೆ ಸೇರಬೇಕಿತ್ತು; ಸೇರಿಸುವ ತಾಳ್ಮೆ ಇಲ್ಲ). ಕೊಹ್ಲರನ ಸುಲ್ತಾನನೆಂಬ ಚಿಂಪಾಂಜಿ ಎರಡು ಕೋಲು ಜೋಡಿಸಿ ಹಣ್ಣು ಎಳೆದುಕೊಂಡದ್ದು ಎಲ್ಲ ಮೇಷ್ಟ್ರುಗಳಿಗೂ ಗೊತ್ತು. ಬಳ್ಳಿಗಾವಿಯ ಅಲ್ಲಮ, ಹರಿಹರ ಹೇಳುವ ಕಥೆಯಲ್ಲಿ, ಮದ್ದಳೆ ಬಾರಿಸುವವ. ಒಲಿದ ಕಮಲತೆ ಸತ್ತ ಮೇಲೆ ಹುಚ್ಚನಂತೆ ಅಲೆದು, ಕಾಲಿನಲ್ಲಿ ಸುಮ್ಮನೆ ನೆಲ ಕೆದಕುತ್ತ ಕೂತಿದ್ದಾಗ ಹೂತುಹೋದ ಗುಡಿಯೊಂದರ ಕಳಸ ತಗುಲಿತು. ಕೆಳಗೆ ಗುರು ಅನಿಮಿಷ ಸಿಕ್ಕ. ದುಃಖ, ಗಮನ, ಕಲಿಕೆ ಮೂರೂ ಒಂದೇ ಕಾಲ್ಬೆರಳಿನ ತುದಿಯಲ್ಲಿ. ಕೋಲು, ಹಣ್ಣು ಯಾವುದೂ ಇಲ್ಲದ್ದರಿಂದ ಇದನ್ನು ಬೋಧನೋಪಕರಣವಾಗಿ ಪರಿಗಣಿಸಲಾಗಿಲ್ಲ.

5. ಅಭಿಪ್ರೇರಣೆ

ಮ್ಯಾಸ್ಲೋ ಮಹಾಶಯರ ಪಿರಮಿಡ್ಡು. ತಳದಲ್ಲಿ ಅನ್ನ, ನೀರು, ನಿದ್ದೆ, ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ, ಗೌರವ, ತುದಿಯಲ್ಲಿ ಆತ್ಮಸಾಕ್ಷಾತ್ಕಾರ. ಕೆಳಗಿನ ಮೆಟ್ಟಿಲು ಮುಗಿಸದೆ ಮೇಲಿನದಕ್ಕೆ ಕಾಲಿಡುವಂತಿಲ್ಲ. ಈ ಪ್ರಕಾರ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯ ಪ್ರಕರಣ ತೀರಾ ಅನಿಯಮಿತ. ಅರಮನೆ, ಗಂಡ, ಬಟ್ಟೆ ಒಂದೊಂದನ್ನೇ ಬಿಟ್ಟು, ಊರೂರ ಭಿಕ್ಷೆಯ ಮೇಲೆ ಕಲ್ಯಾಣ ದಾಟಿ ಶ್ರೀಶೈಲದವರೆಗೆ ಆ ತಾಯಿ ಹತ್ತಿದ್ದು ಯಾವ ಪಿರಮಿಡ್ಡು? ಬಳ್ಳಿಗಾವಿಯ ಕೋಡಿಯಮಠವೂ ಅಷ್ಟೇ. 1162ರ ಶಾಸನ ಅಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿದ್ದುದನ್ನು ಹೇಳುತ್ತದೆ. ಅದೇ ಉಸಿರಿನಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರಿಗೆ ಅನ್ನ ಇಕ್ಕುತ್ತಿದ್ದುದನ್ನೂ ರೋಗಿಗಳಿಗೆ ಔಷಧ ಕೊಡುತ್ತಿದ್ದುದನ್ನೂ ಹೇಳುತ್ತದೆ. ತಳ, ತುದಿ ಎರಡೂ ಒಂದೇ ಸೂರಿನಡಿ.

ಮ್ಯಾಸ್ಲೋವನ್ನು ಬೈಯಲಾರೆ. ಅವನ ಲೇಖನ ಬಂದದ್ದು 1943ರಲ್ಲಿ. ಅದರಲ್ಲಿ ಪಿರಮಿಡ್ಡಿನ ಚಿತ್ರವೇ ಇಲ್ಲ, ಅದು ಮುಂದೆ ಬೇರೆಯವರು ಬರೆದದ್ದು. ಆದರ್ಶಕ್ಕಾಗಿ ಎಲ್ಲವನ್ನೂ ಬಿಟ್ಟುಕೊಡುವ ಹುತಾತ್ಮರು ಈ ಕ್ರಮಕ್ಕೆ ಒಳಪಡುವುದಿಲ್ಲವೆಂದೂ ಅವನು ಅಲ್ಲೇ ಹೇಳಿದ್ದಾನೆ. ಗೈಡಿನವರು ಚಿತ್ರ ಸೇರಿಸಿದರು, ಆ ಮಾತು ಕೈಬಿಟ್ಟರು.

ಯಾವ 1943? ಈಸೂರಿನವರು ಹಿಂದಿನ ಸೆಪ್ಟೆಂಬರಿನಲ್ಲಿ ಊರಬಾಗಿಲಿಗೆ ಸ್ವತಂತ್ರ ಹಳ್ಳಿಯೆಂದು ಬೋರ್ಡು ಹಾಕಿ, ವೀರಭದ್ರನ ಗುಡಿಯ ಮೇಲೆ ಬಾವುಟ ಏರಿಸಿ, ಕಂದಾಯ ಕೊಡೆವೆಂದಿದ್ದರು. ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿದ್ದರು. ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಬಂದರು, ಘರ್ಷಣೆಯಲ್ಲಿ ಇಬ್ಬರೂ ಸತ್ತರು. ಆಮೇಲೆ ಪಡೆ ನುಗ್ಗಿತು, ಮನೆಗಳು ಸುಟ್ಟವು, ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಆ ಊರು ಇದೇ ಶಿಕಾರಿಪುರ ತಾಲ್ಲೂಕಿನದು. ಅಭಿಪ್ರೇರಣೆಯ ಅಧ್ಯಾಯ ಮುಗಿದು ಪ್ರಶ್ನೋತ್ತರವೂ ಮುಗಿಯಿತು, ಆ ಸಭಾಂಗಣದಲ್ಲಿ ಒಬ್ಬರ ಬಾಯಲ್ಲೂ ಈಸೂರು ಬರಲಿಲ್ಲ. ನನಗೆ ತಮಾಷೆ ಮಾಡುವ ಮನಸ್ಸು ಹೋದದ್ದು ಅಲ್ಲಿ.

5.1. ಅಂಕಣ ಏಳು. ಸುಗ್ಗಿ ಮುಗಿಯುತ್ತಲೇ ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಚಿಕ್ಕಮಗಳೂರ ಕಡೆ ಕಾಫಿ ಕೊಯ್ಲಿಗೆ, ಕೆಲವರು ಕಬ್ಬು ಕಡಿಯಲು. ಮಕ್ಕಳೂ ಲಾರಿ ಹತ್ತುತ್ತವೆ, ಮನೆಯಲ್ಲಿ ಬಿಡಲು ಯಾರಿದ್ದಾರೆ? ಅಲ್ಲಿ ಮಗು ಕೂಸನ್ನು ನೋಡಿಕೊಳ್ಳುತ್ತದೆ, ಅವ್ವ ಕೊಯ್ದ ಹಣ್ಣಿನ ಕೆಜಿ ಲೆಕ್ಕ ಇಡುತ್ತದೆ, ಮೇಸ್ತ್ರಿ ತೂಕದಲ್ಲಿ ಎಷ್ಟು ಹೊಡೆದ ಎಂದು ಬಾಯಲ್ಲೇ ಕಳೆಯುತ್ತದೆ. ತಿಂಗಳುಗಳ ಮೇಲೆ ಶಾಲೆಗೆ ಬಂದರೆ ಭಾಗಾಕಾರ ತಪ್ಪುತ್ತದೆ. ಕಲಿಕಾ ನ್ಯೂನತೆ ಎಂದು ಬರೆಯುತ್ತೇವೆ. ಅದಕ್ಕೂ ಮೊದಲು, ಬಾಗಿಲಲ್ಲೇ ನಿಲ್ಲಿಸಿ, "ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?" ಎನ್ನುತ್ತೇವೆ.

ನಮೂನೆಯ ಏಳನೇ ಅಂಕಣ, 'ಗೈರುಹಾಜರಿಗೆ ಕಾರಣ'. ಎರಡು ಬೆರಳು ಅಗಲ. 'ಅಭಿಪ್ರೇರಣೆಯ ಕೊರತೆ' ಅದರಲ್ಲಿ ಸಲೀಸಾಗಿ ಹಿಡಿಯುತ್ತದೆ. 'ಮಳೆ ಹೆಚ್ಚಾಗಿ ಜೋಳ ಹೋಯಿತು, ಅಪ್ಪ ಮುಂಗಡ ತೆಗೆದುಕೊಂಡಿದ್ದ, ತೀರಿಸದೆ ಬರುವಂತಿರಲಿಲ್ಲ' ಹಿಡಿಯುವುದಿಲ್ಲ. ಬರೆದುಕೊಟ್ಟೆ. ಅಕ್ಷರ ಚಿಕ್ಕದು ಮಾಡಿ, ಅಂಚಿನಲ್ಲಿ ಅಡ್ಡ ತಿರುಗಿಸಿ ಬರೆದುಕೊಟ್ಟೆ. ತಂತ್ರಾಂಶ ಒಪ್ಪಿಕೊಳ್ಳಲಿಲ್ಲವಂತೆ, ಪಟ್ಟಿಯಲ್ಲಿರುವ ಕಾರಣಗಳಲ್ಲಿ ಒಂದನ್ನು ಆರಿಸಿ ಮತ್ತೆ ಕಳಿಸಿ ಎಂದು ಫೋನು ಬಂತು, ಇಂದೇ ಸಂಜೆಯೊಳಗೆ.