ನಾಳೆ ಬೇಡ ನಾಡಿದ್ದು

ಬೆಳಗ್ಗೆ ಹೂ ಬಿಡಿಸುತ್ತಿದ್ದೆ. ಬೇಲಿಯ ಆ ಕಡೆಯಿಂದ ಪಕ್ಕದ ಮನೆಯ ಹುಡುಗಿ ಕೂಗಿದಳು. "ತಾತಾ, ನಮ್ಮೂರಿನ ಮೇಲೆ ಲೇಖನ ಬರ್ದಿವ್ನಿ. ಇಂಟರ್‌ನೆಟ್ಟಿಗೆ ಹಾಕ್ಬೇಕು, ಒಸಿ ನೋಡ್ಕೊಡಿ." ಬೇಲಿಯ ಮೇಲಿಂದ ಮೊಬೈಲು ನನ್ನ ಕೈಗೆ ಬಂತು.

ಮೈಸೂರಿನ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಬದುಕಿದವನು ನಾನು. ಅಕ್ಷರ ಕಂಡರೆ ಕಣ್ಣು ಮೊದಲು ತಪ್ಪನ್ನೇ ಹುಡುಕುತ್ತದೆ. ಕಪಿಲೆ, ನಾಲೆ, ಗದ್ದೆ ಬಯಲು, ಎಲ್ಲವನ್ನೂ ಚೆನ್ನಾಗಿ ಬರೆದಿದ್ದಳು. ಆದರೆ ತಲೆಬರಹವೇ 'ಹುಲ್ಲಹಲ್ಲಿ'!

"ಹಳ್ಳಿ ಹೋಗಿ ಹಲ್ಲಿ ಆಯ್ತಲ್ಲವ್ವ" ಅಂದೆ. ಅವಳದೇನೂ ಅಸಡ್ಡೆಯಲ್ಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವಾಗ ಸಣ್ಣ ಎಲ್‌ಗೆ 'ಲ', ದೊಡ್ಡ ಎಲ್‌ಗೆ 'ಳ' ಬರುತ್ತದೆ. ಅವಸರದ ಬೆರಳು ಸಣ್ಣದನ್ನೇ ಒತ್ತುತ್ತದೆ.

ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವಳ ಅಜ್ಜಿ ತಲೆಯೆತ್ತಿದರು. "ಅಣ್ಣಯ್ಯ, ನಾನು ಉಟ್ದಾಗಿಂದ ಉಲ್ಲಳ್ಳಿ ಅಂತ್ಲೇ ಅನ್ನದು. ಯಾರ್ಗೆ ಅರ್ಥ ಆಗಿಲ್ಲ?"

ಅವರ ಮಾತು ನಿಜ. ಬಾಯಿ ಮಾತಿಗೆ ಮುಖ ಇದೆ, ದನಿ ಇದೆ. ಅರ್ಥವಾಗದಿದ್ದರೆ "ಏನಂದ್ರಿ?" ಅಂತ ತಿರುಗಿ ಕೇಳಲು ಈ ಬೇಲಿ ಇದೆ. ದೂರದೂರಲ್ಲಿ ಕೂತು ಓದುವವರಿಗೆ ಯಾವ ಬೇಲಿ ಇದೆ? ಬರೆದದ್ದಷ್ಟೇ ಅವರ ಕೈಗೆ ಸಿಗುವುದು.

ಕೆಳಗೆ ನಂಜನಗೂಡು ಬಂದಿತ್ತು. ಅವಳು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಒತ್ತಿಬಿಟ್ಟಿದ್ದಳು. ಕಣ್ಣಿಗೆ ಎರಡೂ ಒಂದೇ ದುಂಡು. ಆದರೆ ಯೂನಿಕೋಡಿನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತ. ಸರಿಯಾಗಿ ಬರೆದು ಹುಡುಕುವವರಿಗೆ ಇವಳ ನಂಜನಗೂಡು ಸಿಗದೇ ಹೋಗಬಹುದು. 'ದುಃಖ'ದ ವಿಸರ್ಗಕ್ಕೆ ಕೋಲನ್ ಹಾಕಿದರೂ ಇದೇ ಕಥೆ. ಇನ್ನು 'ವಿಧ್ಯಾರ್ಥಿ'ಯ ಹೊಟ್ಟೆ ಸೀಳುವುದು ಬೇಡ, 'ವಿದ್ಯಾರ್ಥಿ' ಸಾಕು. 'ಹಾರ್ಧಿಕ'ಕ್ಕೂ ಅಷ್ಟೇ, 'ಹಾರ್ದಿಕ' ಸಾಕು. ಆದರೆ 'ಶುಭಾಶಯ'ಕ್ಕೆ ಮಹಾಪ್ರಾಣ ಬೇಕೇ ಬೇಕು.

"ಕಾಮಾ ಗೀಮಾ ಬೇಕಾ ತಾತ? ಶಾಸನದಲ್ಲಿ ಇರ್ಲಿಲ್ವಲ್ಲ" ಅಂದಳು. ಒಳ್ಳೆಯ ಪ್ರಶ್ನೆ. ಶಾಸನ ಕೊರೆದವರು ಪದಪದಕ್ಕೂ ಜಾಗ ಬಿಟ್ಟವರಲ್ಲ. ಓಲೆಗರಿಯ ಕಾವ್ಯವನ್ನು ಗಟ್ಟಿಯಾಗಿ ಓದುತ್ತಿದ್ದರು. ಎಲ್ಲಿ ನಿಲ್ಲಬೇಕೆಂದು ಛಂದಸ್ಸೇ ಹೇಳುತ್ತಿತ್ತು. 1843ರಲ್ಲಿ 'ಮಂಗಳೂರ ಸಮಾಚಾರ' ಬಂದು ಕನ್ನಡಕ್ಕೆ ಪತ್ರಿಕೆ ಆಯಿತು. ಅಚ್ಚು ಹಬ್ಬಿದ ಹಾಗೆ ಜನ ಗದ್ಯವನ್ನು ಕಣ್ಣಲ್ಲೇ ಓದಲು ಕಲಿತರು. ಆ ಓದಿಗೆ ಉಸಿರು ಕೊಟ್ಟದ್ದು ಈ ಚಿಹ್ನೆಗಳು.

"ನಾಟಿ ನಾಳೆ ಬೇಡ ನಾಡಿದ್ದು ಅಂತ ಅಪ್ಪ ಮೆಸೇಜು ಹಾಕಿದರೆ ಆಳುಗಳು ಯಾವತ್ತು ಬರಬೇಕು?" ಎಂದು ಕೇಳಿದೆ. 'ನಾಳೆ ಬೇಡ, ನಾಡಿದ್ದು' ಒಂದು. 'ನಾಳೆ, ಬೇಡ ನಾಡಿದ್ದು' ಇನ್ನೊಂದು. ನಾಲೆಯಲ್ಲಿ ನೀರು ಬಿಟ್ಟ ಹೊತ್ತಿನಲ್ಲಿ ಒಂದು ಅಲ್ಪವಿರಾಮಕ್ಕೆ ಒಂದು ದಿನದ ಬೆಲೆ.

ಹುಡುಗಿ ಬೆರಳಲ್ಲಿ ಎಣಿಸಿಕೊಂಡು ತಲೆಯಾಡಿಸಿದಳು.

ಕೊನೆಗೆ ಜಾಗದ ಮಾತು ಬಂತು. ಚುಕ್ಕಿ ಪದಕ್ಕೆ ಅಂಟಿಕೊಂಡಿರಬೇಕು, ಜಾಗ ಅದರ ಆಚೆಗೆ. ನಡುವೆ ಜಾಗ ಬಿಟ್ಟರೆ ಚುಕ್ಕಿ ಮುಂದಿನ ಸಾಲಿಗೆ ಒಂಟಿಯಾಗಿ ಜಾರಬಹುದು. ನದಿಯ ಮಾತು ಮುಗಿದು ಗದ್ದೆಯ ಮಾತು ಶುರುವಾದಲ್ಲಿ ಹೊಸ ಪ್ಯಾರಾ ಮಾಡು ಅಂದೆ. ಮೊಳೆಯ ಕಾಲದಲ್ಲಿ ಖಾಲಿ ಜಾಗವೂ ಸೀಸದ ತುಂಡೇ. ಆರಿಸಿ, ಅಳೆದು, ಕೈಯಾರೆ ಇಡಬೇಕಿತ್ತು. ಈಗ ಅದಕ್ಕೆ ತೂಕವಿಲ್ಲ, ಬೆಲೆ ಮಾತ್ರ ಅಷ್ಟೇ ಇದೆ.

"ಅಂಗಾರೆ ನನ್ ಮಾತು ತಪ್ಪಾ?" ಅಜ್ಜಿ ಕೇಳಿದರು.

"ಎಲ್ಲಾದರೂ ಉಂಟೇ ತಾಯಿ! ಉದ್ಧರಣ ಚಿಹ್ನೆ ಇರುವುದೇ ನಿಮ್ಮಂಥವರ ಮಾತಿಗೆ" ಅಂದೆ.

ಸಂಜೆ ಮೊಬೈಲು ಮತ್ತೆ ಬೇಲಿ ದಾಟಿ ಬಂತು. ತಲೆಬರಹದಲ್ಲಿ 'ಹುಲ್ಲಹಳ್ಳಿ' ನೆಟ್ಟಗೆ ನಿಂತಿತ್ತು. ಮೊದಲ ಸಾಲು ಹೀಗಿತ್ತು: ನಮ್ಮಜ್ಜಿ ಈ ಊರನ್ನು "ಉಲ್ಲಳ್ಳಿ" ಅನ್ನುತ್ತಾರೆ.