ಅರಾಕಿಸ್ ಗ್ರಹದ ಹವಾಮಾನ: ಒಂದು ಒಣ ಪ್ರಬಂಧ

ಅರಾಕಿಸ್ ಗ್ರಹದಲ್ಲಿ ಮಳೆ ಬರುವುದಿಲ್ಲ. ಇಷ್ಟು ಹೇಳಿದರೆ ಹವಾಮಾನದ ಮಾತು ಮುಗಿಯಿತೆಂದು ಪಾಮರರು ಎದ್ದು ಹೋಗುತ್ತಾರೆ. ಪಂಡಿತರು ಚಾಪೆ ಹಾಸುವುದೇ ಆಗ. ಅಮೆರಿಕದ ಫ್ರಾಂಕ್ ಹರ್ಬರ್ಟ್ 1965ರ ತಮ್ಮ ‘ಡ್ಯೂನ್’ ಕಾದಂಬರಿಯಲ್ಲಿ ಸೃಷ್ಟಿಸಿದ ಈ ಮರಳುಗ್ರಹಕ್ಕೆ ಪ್ರಸ್ತುತ ಪ್ರಬಂಧಕಾರ ಹೋಗಿಬಂದಿಲ್ಲ. ಆದರೆ ಹರ್ಬರ್ಟ್ ಆ ಪುಸ್ತಕವನ್ನು ಒಣಭೂಮಿಯ ಪರಿಸರತಜ್ಞರಿಗೆ ಅರ್ಪಿಸಿದ್ದಾರೆ. ನಮ್ಮ ಮನೆಯ ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬರುವುದರಿಂದ ಆ ಅರ್ಪಣೆಯಲ್ಲಿ ನನಗೂ ಪಾಲಿದೆ ಎಂದುಕೊಂಡು ಮುಂದುವರಿಯುತ್ತೇನೆ.

ಮೊದಲಿಗೆ ಮೂಲದ ಪ್ರಶ್ನೆ. ಒರೆಗಾನ್ ರಾಜ್ಯದ ಫ್ಲಾರೆನ್ಸ್ ಎಂಬ ಕಡಲೂರಿನ ಬಳಿ ಮರಳುದಿಬ್ಬಗಳು ಗಾಳಿಗೆ ತೆವಳಿ ಬಂದು ರಸ್ತೆಗಳನ್ನು ನುಂಗುತ್ತಿದ್ದವು. ಕೃಷಿ ಇಲಾಖೆ ಹುಲ್ಲು ನೆಟ್ಟು ಅವನ್ನು ತಡೆಯುತ್ತಿತ್ತು. ಇದರ ಬಗ್ಗೆ ಲೇಖನ ಬರೆಯಲೆಂದು 1957ರಲ್ಲಿ ಅಲ್ಲಿಗೆ ಹೋದ ಹರ್ಬರ್ಟ್ ಲೇಖನ ಮುಗಿಸಲೇ ಇಲ್ಲ, ಗ್ರಹ ಕಟ್ಟಿದರು. ಹಲವಾರು ಪ್ರಕಾಶಕರು ಒಲ್ಲೆವೆಂದ ಹಸ್ತಪ್ರತಿಯನ್ನು ಕೊನೆಗೆ ಅಚ್ಚು ಹಾಕಿದ್ದು ಕಾರು ರಿಪೇರಿ ಕೈಪಿಡಿಗಳಿಗೆ ಹೆಸರಾದ ಸಂಸ್ಥೆ. ಮರಳು ಊರು ನುಂಗುವುದು ಕನ್ನಡಿಗರಿಗೆ ಹೊಸದೇನಲ್ಲ. ತಲಕಾಡಿನ ದೇವಾಲಯಗಳು ಹೂತುಹೋದದ್ದು ಅಲಮೇಲಮ್ಮನ ಶಾಪದಿಂದ ಎಂದು ನಮ್ಮ ಮಕ್ಕಳಿಗೂ ಗೊತ್ತು. ಒರೆಗಾನ್‌ನವರಿಗೆ ಶಾಪದ ಸೌಕರ್ಯ ಇರಲಿಲ್ಲವಾಗಿ ಕಾರಣ ಹುಡುಕಬೇಕಾಯಿತು, ಪಾಪ. ಮರಳಿಗೂ ಮರುಳಿಗೂ ನಡುವೆ ಇರುವುದು ಒಂದೇ ಕೊಂಬು ಎಂಬ ಭಾಷಾವೈಜ್ಞಾನಿಕ ಸತ್ಯವನ್ನು ಇಲ್ಲಿ ದಾಖಲಿಸಿ, ವಿಸ್ತರಿಸದೆ ಬಿಡುತ್ತೇನೆ.

ಅರಾಕಿಸ್‌ನಲ್ಲಿ ನೀರೇ ಇಲ್ಲ ಎನ್ನುವುದು ಅಜ್ಞಾನ. ಬಾವಿ ತೋಡಿದರೆ ಮೊದಲು ನೀರು ಜಿನುಗುತ್ತದೆ, ಆಮೇಲೆ ನಿಲ್ಲುತ್ತದೆ, ಮತ್ತೆಂದೂ ಬರುವುದಿಲ್ಲ. (ಕೋಲಾರದ ಓದುಗರು ನಿಟ್ಟುಸಿರು ಬಿಡಬಾರದು, ಉಸಿರಿನಲ್ಲೂ ತೇವ ಹೋಗುತ್ತದೆ.) ಕಾರಣ, ದೈತ್ಯ ಮರಳುಹುಳುಗಳ ಮರಿಗಳು. ಬೆಳೆದ ಹುಳುವಿಗೆ ನೀರು ವಿಷ. ಆದ್ದರಿಂದ ಮರಿಗಳು ಸಿಕ್ಕ ನೀರನ್ನೆಲ್ಲ ಸುತ್ತುವರಿದು ನೆಲದಾಳದಲ್ಲಿ ಕೂಡಿಹಾಕುತ್ತವೆ. ಹಿರಿಯರ ಆರೋಗ್ಯಕ್ಕಾಗಿ ಇಡೀ ಗ್ರಹವನ್ನು ಒಣಗಿಸುವ ಇಂಥ ಪಿತೃಭಕ್ತಿಯನ್ನು ಹವಾಮಾನ ಶಾಸ್ತ್ರದ ಪಠ್ಯಗಳು ಇನ್ನೂ ಗುರುತಿಸಿಲ್ಲ.

ಗಾಳಿಯ ವೇಗ ಗಂಟೆಗೆ 700 ಕಿ.ಮೀ. ತನಕ ಏರುತ್ತದೆ. ಸುಂಟರಗಾಳಿಗಳನ್ನು ಬಿಟ್ಟರೆ ನಮ್ಮ ಭೂಮಿಯ ದಾಖಲೆ, 1996ರಲ್ಲಿ ಆಸ್ಟ್ರೇಲಿಯದ ಬ್ಯಾರೊ ದ್ವೀಪದಲ್ಲಿ ಚಂಡಮಾರುತ ಬೀಸಿದಾಗಿನದು, ಬರೀ 408. ಅರಾಕಿಸ್‌ನ ಗಾಳಿ ಎಲುಬಿನಿಂದ ಮಾಂಸವನ್ನೇ ಸವೆಸಿಬಿಡುತ್ತದೆ. ಅಳೆಯಲು ಹೋದವನು ಹಿಂದಿರುಗುವುದಿಲ್ಲವಾದ್ದರಿಂದ ಈ ಅಂಕಿಯನ್ನು ಯಾರೂ ಅಲ್ಲಗಳೆದಿಲ್ಲ. ಸಂಶೋಧನೆಯಲ್ಲಿ ಇದಕ್ಕಿಂತ ಗಟ್ಟಿ ಆಧಾರ ಸಿಗುವುದು ಅಪರೂಪ.

ಇನ್ನು ಪೂರ್ವಪಕ್ಷ. 2021ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿಗಳು ಸಂಗಡಿಗರೊಡನೆ ಸೇರಿ ಅರಾಕಿಸ್ ಅನ್ನು ಸೂಪರ್ ಕಂಪ್ಯೂಟರಿಗೆ ಉಣಿಸಿ ವಾರಗಟ್ಟಲೆ ಕಾದರು. (ಇದು ಅಣಕವಲ್ಲ, ನಡೆದದ್ದು. ಅಣಕು ಬರೆಯುವವರ ಹೊಟ್ಟೆಯ ಮೇಲೆ ಹೊಡೆಯುವವರು ಇಂಥವರೇ.) ಉಷ್ಣವಲಯದಲ್ಲಿ ಬೇಸಿಗೆಗೆ 45 ಡಿಗ್ರಿ, ಹೇಗೋ ಬದುಕಬಹುದು, ಧ್ರುವಗಳ ಕಡೆ ಬೇಸಿಗೆಗೆ 70, ಚಳಿಗಾಲಕ್ಕೆ ಸೊನ್ನೆಗಿಂತ 75 ಕೆಳಗೆ ಎಂದು ಉತ್ತರ ಬಂತು. ಕಾದಂಬರಿಯ ಪಟ್ಟಣದ ಜನ ಮನೆ ಮಾಡಿರುವುದು ಉತ್ತರ ಧ್ರುವದ ಕಡೆಗೇ. ಅಂದರೆ ಇದು ಹವಾಮಾನದ ದೋಷವಲ್ಲ, ವಾಸ್ತುದೋಷ.

ಇಷ್ಟೂ ವಿದ್ವತ್ತು ಥರ್ಮಾಮೀಟರನ್ನು ನಂಬಿ ಕೆಟ್ಟಿತು. ನನ್ನ ಸಿದ್ಧಾಂತ ಬೇರೆ: ಮಳೆಯಿಲ್ಲದ ನಾಡಿನ ಹವಾಮಾನವನ್ನು ಜನರ ಮರ್ಯಾದೆಯಲ್ಲಿ ಅಳೆಯಬೇಕು. ಹವಾಮಾನ ತಜ್ಞನ ಕೈಗೆ ಮಳೆಮಾಪಕದ ಬದಲು ಪೀಕದಾನಿ ಕೊಡಬೇಕು. ಆಧಾರಗಳು ಹೀಗಿವೆ. ಅರಾಕಿಸ್‌ನ ಮರುಭೂಮಿವಾಸಿಗಳಾದ ಫ್ರೆಮೆನ್ನರ ನಾಯಕ ಸ್ಟಿಲ್ಗರ್, ಗ್ರಹವನ್ನು ಆಳಲು ಹೊಸದಾಗಿ ಬಂದ ಡ್ಯೂಕ್ ಲೆಟೊನ ಸಭೆಗೆ ಬಂದು ಮೇಜಿನ ಮೇಲೆ ಉಗುಳುತ್ತಾನೆ. ಸಭೆ ಕೆರಳುತ್ತದೆ. ಮೈಯ ತೇವವನ್ನು ಕಾಣಿಕೆಯಾಗಿ ಕೊಟ್ಟಿದ್ದಾನೆ, ಇದು ಗೌರವ ಎಂದು ಬಲ್ಲವನೊಬ್ಬ ತಿಳಿಹೇಳಿ, ತಾನೂ ಉಗುಳಿ ಮರುವಂದನೆ ಸಲ್ಲಿಸುತ್ತಾನೆ. ನಮ್ಮಲ್ಲಿ ಮೆಟ್ಟಿಲಿನ ಮೂಲೆಗಳಿಗೆ ಎಲೆಅಡಿಕೆ ಗೌರವ ಸಲ್ಲಿಸುವ ಮಹನೀಯರು ಯಾವ ಗ್ರಹದ ಸಂಸ್ಕಾರದವರೆಂಬುದು ಈಗ ಹೊಳೆಯುತ್ತದೆ. ಇನ್ನೊಂದು: ಅಲ್ಲಿನ ಸಿರಿವಂತರು ಔತಣದ ಮುನ್ನ ಕೈ ತೊಳೆದು, ನೀರನ್ನು ಬೇಕೆಂದೇ ನೆಲಕ್ಕೆ ಚೆಲ್ಲಿ, ಒರೆಸಿದ ಟವೆಲನ್ನು ಅದರ ಮೇಲೆಸೆಯುತ್ತಿದ್ದರು. ಆ ಟವೆಲ್ ಹಿಂಡಿದ ನೀರಿಗಾಗಿ ಭಿಕ್ಷುಕರು ಬಾಗಿಲಲ್ಲಿ ಕಾಯುತ್ತಿದ್ದರು. ಲೆಟೊ ಅದನ್ನು ನಿಲ್ಲಿಸಿದ. ಈ ಒಂದು ಟವೆಲಿನಲ್ಲಿರುವ ಹವಾಮಾನ ಬ್ರಿಸ್ಟಲಿನ ಯಂತ್ರಕ್ಕೆ ಸಿಕ್ಕಿಲ್ಲ.

ಕೊನೆಗೊಂದು ಆಡಿಟ್ ಆಕ್ಷೇಪಣೆ. ಫ್ರೆಮೆನ್ನರಲ್ಲಿ ಸತ್ತವನ ಮೈಯ ನೀರು ಕುಲಕ್ಕೆ ಸೇರುತ್ತದೆ. ಜಾಮಿಸ್ ಎಂಬವನಿಂದ ದೊರೆತದ್ದು 33 ಲೀಟರ್, 7 ಡ್ರಾಮ್ ಮತ್ತು ಒಂದು ಡ್ರಾಮಿನ 32ರಲ್ಲಿ 3 ಪಾಲು. ಆದರೆ 70 ಕೆ.ಜಿ. ಗಂಡಾಳಿನಲ್ಲಿ ಸುಮಾರು 42 ಲೀಟರ್ ಇರಬೇಕು. ಡ್ರಾಮಿನ ಪಾಲಿಗೂ ಲೆಕ್ಕವಿಡುವ ಜನ 9 ಲೀಟರಿಗೆ ಚೀಟಿ ಇಟ್ಟಿಲ್ಲ! ಜಾಮಿಸ್ ಬಡಕಲು ಎಂಬ ಸಮಜಾಯಿಷಿ ಬಂದರೆ ತೂಕದ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

ಪ್ರಬಂಧ ಲಕೋಟೆ ಸೇರಿದೆ. ಮನೆಯಲ್ಲಿ ಗೋಂದು ಮುಗಿದಿದ್ದರಿಂದ ಅಂಚನ್ನು ನಾಲಗೆಯಿಂದಲೇ ಒದ್ದೆ ಮಾಡಿ ಅಂಟಿಸಿದ್ದೇನೆ. ಸಂಪಾದಕರು ಮುಖ ಸಿಂಡರಿಸದೆ, ಅರಾಕಿಸ್ ಪದ್ಧತಿಯಂತೆ ಸ್ವೀಕರಿಸಬೇಕಾಗಿ ವಿನಂತಿ.